ಲೆಕ್ಕಕ್ಕೆ ಸೇರದ ದೀಪ

ಊ ಟಿನ್ ಪೇ ಅವರ ಹೊಸ ಲುಂಗಿಗೆ ತೂತು ಬಿದ್ದದ್ದು ಬ್ಯಾಟರಿಯಿಂದ. ಅದು ಬೀದಿಗೆಲ್ಲ ಗೊತ್ತಾದದ್ದು ಬುದ್ಧನ ಎದುರಿಗೆ. ಬೆಳಿಗ್ಗೆ ಬ್ಯಾಟರಿಗೆ ನೀರು ತುಂಬುವಾಗ ಅದರ ಮುಚ್ಚಳಗಳನ್ನು ಬಿಚ್ಚಿ ನೆಲದ ಮೇಲಿಟ್ಟಿದ್ದರು. ಅವನ್ನೆತ್ತಿ ಹಾಕಿದ ಮೇಲೆ, ಅದೇ ಜಾಗದಲ್ಲಿ ಕೂತು ಚುಟ್ಟ ಸೇದಿದರು. ಆಸಿಡ್ ಅವಸರದ ಪ್ರಾಣಿಯಲ್ಲ, ಸಂಜೆಯವರೆಗೆ ಕಾದಿತ್ತು. ಬೀದಿ ತುದಿಯ ಬುದ್ಧನ ಗುಡಿಯಲ್ಲಿ ಅವರು ಮೂರನೆಯ ಸಲ ಹಣೆಯನ್ನು ನೆಲಕ್ಕೆ ಮುಟ್ಟಿಸಿದಾಗ ಲುಂಗಿಯ ಹಿಂಭಾಗ ಪರ್ರನೆ ಬಾಯಿಬಿಟ್ಟಿತು. ಹಿಂದೆ ಕೂತಿದ್ದ ಹೆಂಗಸರು ಒಟ್ಟಿಗೆ ಕಣ್ಣು ಮುಚ್ಚಿದರು. ಆ ಗುಡಿಯಲ್ಲಿ ಅಷ್ಟು ಜನಕ್ಕೆ ಒಂದೇ ಏಟಿಗೆ ಧ್ಯಾನ ಹತ್ತಿದ್ದು ಅವತ್ತೇ.

ಮರುದಿನ ಚಹಾದಂಗಡಿಯ ಕೋ ವಿನ್ ಸ್ವೇ, ಲೋಟ ಇಡುತ್ತ, ತೀರಾ ವಿನಯದಿಂದ ಕೇಳಿದ: "ಟಿನ್ ಮಾವ, ಮುಂದುಗಡೆಗೂ ಒಂದು ಕಿಟಕಿ ಇಡಿಸ್ತೀರೋ, ಇಲ್ಲ ಗಾಳಿ ಒಂದೇ ಕಡೆಯಿಂದ ಸಾಕೋ?"

ಬೀದಿಗೆಲ್ಲ ಮಾವನಾದ ಅವರು ನಗಲಿಲ್ಲ. ಅವರು ಪಕೊಕ್ಕು ಊರಿನ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಇರಾವದಿ ನದಿಯ ಈ ದಡದಲ್ಲಿ ಅವರು ಹತ್ತದ ಕಂಬವಿಲ್ಲ ಎಂಬುದು ಅವರದೇ ಹೇಳಿಕೆ. ನಿವೃತ್ತಿಯ ದಿನ ಇಲಾಖೆಗೆ ಚಾರ್ಜು ಒಪ್ಪಿಸಿ ಬಂದರು. ಆಮೇಲೆ ಕೈಗೆ ಸಿಕ್ಕಿದ್ದು ಬ್ಯಾಟರಿಯ ಚಾರ್ಜು ಒಂದೇ, ಅದೂ ನಿಲ್ಲುತ್ತಿರಲಿಲ್ಲ.

ಸರ್ಕಾರಿ ಕರೆಂಟು ನಮ್ಮ ಬೀದಿಗೆ ನೆಂಟನ ಹಾಗೆ ಬಂದು ಹೋಗುತ್ತದೆ. ಹೀಗಾಗಿ ಮಾವ ತಗಡಿನ ಮಾಡಿನ ಮೇಲೆ ಸೋಲಾರ್ ಹಲಗೆಗಳನ್ನು ಕೂರಿಸಿ, ಮೆಟ್ಟಿಲ ಕೆಳಗೆ ಬ್ಯಾಟರಿ ಇಟ್ಟು, ಇನ್ವರ್ಟರ್ ಹಾಕಿಸಿದರು. ಇದೆಲ್ಲ ಅವರ ಹೆಂಡತಿ ದೋ ಸಾನ್ ನ್ಯುಂಟ್ ಅವರ ಫ್ರಿಜ್ಜಿಗಾಗಿ. ಅತ್ತೆ ತೆಂಗಿನ ಹಾಲಿಗೆ, ಅದು ಹೆಪ್ಪುಗಟ್ಟಲೆಂದು, ಕಡಲಪಾಚಿಯ ಪುಡಿ ಹಾಕಿ ಎರಡು ಪದರದ ಮಿಠಾಯಿ ಕಟ್ಟುತ್ತಿದ್ದರು. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ತಣ್ಣಗಿಟ್ಟು, ಬೆಳಿಗ್ಗೆ ತಲೆಯ ಮೇಲೆ ತಟ್ಟೆ ಹೊತ್ತು ಶಾಲೆಯ ಗೇಟಿಗೆ ಹೋದರೆ, ಬರುವಾಗ ಖಾಲಿ ತಟ್ಟೆ. ಇಬ್ಬರ ಅನ್ನ ಅದರಲ್ಲೇ ನಡೆಯುತ್ತಿತ್ತು. ಮಾವನ ಪಿಂಚಣಿ ಮಾವನ ಚುಟ್ಟಕ್ಕೂ ಅಭಿಮಾನಕ್ಕೂ ಸರಿಹೋಗುತ್ತಿತ್ತು.

ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ದೀಪದ ಹಬ್ಬ ಕಳೆದ ಮೇಲೆ ಫ್ರಿಜ್ಜು ರಾತ್ರಿ ಅರ್ಧದಲ್ಲೇ ನಿಲ್ಲತೊಡಗಿತು. ತೆಂಗಿನ ಹಾಲು ನಮ್ಮ ಸೆಕೆಯಲ್ಲಿ ಯಾರ ಮುಲಾಜಿಗೂ ಕಾಯುವುದಿಲ್ಲ, ಬೆಳಗಾಗುವುದರೊಳಗೆ ಹುಳಿ. ಮಾವ ದೋಷ ಹುಡುಕಲು ಇಳಿದರು. ಹಲಗೆಗಳನ್ನು ಸೋಪಿನಲ್ಲಿ ತೊಳೆದರು. ಪಕ್ಕದ ನಮ್ಮ ಮನೆಯ ಹುಣಸೆಮರದ ನೆರಳು ಬೀಳುತ್ತದೆಂದು ಒಂದು ಇಡೀ ಕೊಂಬೆ ಕಡಿಸಿದರು. ತಂತಿ ಬದಲಿಸಿದರು, ಇನ್ವರ್ಟರ್ ಬದಲಿಸಿದರು, ಕೊನೆಗೆ ಬದಲಿಸಲಾಗದ ಹೆಂಡತಿಯ ಕಡೆ ತಿರುಗಿದರು.

"ನೀನು ಬಾಗಿಲು ತೆಗೆದು ತೆಗೆದೇ ತಂಪೆಲ್ಲ ಆಚೆ ಹೋಗತ್ತೆ" ಎಂದು ಫ್ರಿಜ್ಜಿನ ಬಾಗಿಲಿಗೆ ಹಗ್ಗ ಕಟ್ಟಿದರು. ಅತ್ತೆ ತಮ್ಮದೇ ಮಿಠಾಯಿ ತೆಗೆಯಲು ಗಂಡನನ್ನು ಎಬ್ಬಿಸಿ ಗಂಟು ಬಿಡಿಸಿಕೊಳ್ಳಬೇಕಾಯಿತು. ಹಾಲು ಆಗಲೂ ಹುಳಿಯಾಯಿತು. ಬ್ಯಾಟರಿಯೇ ಸತ್ತಿದೆ ಎಂದರು ಮಾವ. ಅದು ನಿಜವಾಗಿಯೂ ಸತ್ತಿತ್ತು. ಅತ್ತೆಯ ಕಿವಿಯೋಲೆ ಹೋಗಿ ಹೊಸ ಬ್ಯಾಟರಿ ಬಂತು. ಒಂದು ಮಳೆಗಾಲ ದಾಟುವುದರೊಳಗೆ ಅದೂ ಹಳೆಯದರ ದಾರಿ ಹಿಡಿಯಿತು.

ಮನೆಯಲ್ಲಿ ಕರೆಂಟು ಕುಡಿಯುವುದನ್ನೆಲ್ಲ ಮಾವ ಬೆರಳ ಮೇಲೆ ಕೂಡುತ್ತಿದ್ದರು: ಫ್ರಿಜ್ಜು, ಫ್ಯಾನು, ಎರಡು ಬಲ್ಬು. ಲೆಕ್ಕ ಸರಿಯಾಗೇ ಬರುತ್ತಿತ್ತು. ಗುಡಿಯ ದೀಪವನ್ನು ಅವರು ಕೂಡಲಿಲ್ಲ.

ಆ ದೀಪ ದೀಪದ ಹಬ್ಬದಂದು ಮಾವ ಕೊಟ್ಟ ದಾನ. ಗುಡಿಗೆ ಎರಡು ಕಂಬ. ಬಲಗಂಬಕ್ಕೆ ಕಂಬಳಿ ವ್ಯಾಪಾರಿ ಊ ಲೂ ಮಾವ್ ದೀಪದ ಸರ ಹಾಕಿಸಿ ಹೆಸರಿನ ಹಲಗೆ ಹೊಡೆಸಿದ ವಾರವೇ ಮಾವ ಎಡಗಂಬ ಹಿಡಿದರು. ಬುದ್ಧನ ತಲೆಯ ಹಿಂದೆ ತಿರುಗುವ ಬಣ್ಣದ ಪ್ರಭೆ, ಕಂಬಕ್ಕೆ ಸರ, ಮೇಲೆ ದೊಡ್ಡದೊಂದು ಫೋಕಸ್ ದೀಪ, ಹಗಲೂ ರಾತ್ರಿ ಬುದ್ಧನ ಸೂತ್ರ ಪಠಿಸುವ ಪೆಟ್ಟಿಗೆ. ಇಷ್ಟಕ್ಕೂ ತಂತಿ ಮಾವನ ಮೆಟ್ಟಿಲ ಕೆಳಗಿನಿಂದ. ಬ್ಯಾಟರಿ ಬಳಲಿದರೆ ಇನ್ವರ್ಟರ್ ತಾನೇ ಕಣ್ಣು ಮುಚ್ಚಿಕೊಳ್ಳುತ್ತದೆ. ಆದರೆ ಬುದ್ಧನ ದೀಪ ಆರಿಸುವ ಅಧಿಕಾರ ಒಂದು ತಗಡಿನ ಪೆಟ್ಟಿಗೆಗೆ ಇರಬಾರದೆಂದು ಮಾವ ಆ ತಂತಿಯನ್ನು ನೇರವಾಗಿ ಬ್ಯಾಟರಿಗೇ ಬಿಗಿದಿದ್ದರು. ಹೀಗಾಗಿ ಮೊದಲು ಅತ್ತೆಯ ಫ್ರಿಜ್ಜು ನಿಲ್ಲುತ್ತಿತ್ತು. ದೀಪ ಮಾತ್ರ ಬ್ಯಾಟರಿಯ ಎಲುಬಿನ ಸಾರವನ್ನೂ ಹೀರಿ ಉರಿಯುತ್ತಿತ್ತು.

ಇದನ್ನು ನಾವು ಯಾರೂ ಹೇಳಲಿಲ್ಲವೇ ಎಂದರೆ, ನಮಗೂ ಹೊಳೆಯಲಿಲ್ಲ. ಕೊಟ್ಟದ್ದನ್ನು ಎಣಿಸಿದರೆ ಪುಣ್ಯ ಸೋರುತ್ತದೆ ಎಂದು ಹಾಲು ಕುಡಿಯುವಾಗಲೇ ಕಲಿತವರು ನಾವು. ಪುಣ್ಯ ಸೋರಲಿಲ್ಲ, ಬ್ಯಾಟರಿ ಸೋರಿತು.

ದೋಷ ಪತ್ತೆ ಮಾಡಿದ್ದು ಒಂದು ಇಲಿ. ಅದು ಚರಂಡಿಯ ಪಕ್ಕ ಗುಡಿಯ ತಂತಿಯನ್ನು ಕಡಿದುಹಾಕಿತು. ಆ ವಾರ ಮಾವನಿಗೆ ಜ್ವರ, ಗುಡಿಯ ಕಡೆ ಹೋಗಿರಲಿಲ್ಲ. ಫ್ರಿಜ್ಜು ರಾತ್ರಿಯೆಲ್ಲ ಗುನುಗಿತು. ಮಿಠಾಯಿ ಗಾಜಿನ ಹಾಗೆ ಕಟ್ಟಿತು. ಅತ್ತೆ ನಮ್ಮ ಮನೆಗೂ ಒಂದು ಬಟ್ಟಲು ತಂದುಕೊಟ್ಟರು. ಅವರು ನಕ್ಕದ್ದನ್ನು ನಾನು ಬಹಳ ದಿನದ ಮೇಲೆ ನೋಡಿದೆ. ಜ್ವರ ಬಿಟ್ಟು ಎದ್ದ ಮಾವ, ದೀಪ ಆರಿರುವುದನ್ನು ಕಂಡು ಎದೆ ಬಡಿದುಕೊಂಡು ತಂತಿ ಕಟ್ಟಿದರು. ಮರುದಿನ ಬೆಳಿಗ್ಗೆ ತಟ್ಟೆ ತುಂಬ ಹುಳಿ.

ಅತ್ತೆ ಹುಳಿಯಾದ ತಟ್ಟೆಯನ್ನು ಗಂಡನ ಮುಂದಿಟ್ಟು, ದನಿ ಏರಿಸದೆ ಹೇಳಿದರು: "ಕೇಳ್ರಿ, ಇಲಿ ಕಡಿದ ತಂತಿ ಹಾಗೇ ಇದ್ದಷ್ಟು ದಿನ ಮಾತ್ರ ಹಾಲು ಕೆಡಲಿಲ್ಲ."

ಮಾವ ತಟ್ಟೆ ನೋಡಿದರು, ಮೆಟ್ಟಿಲ ಕೆಳಗೆ ನೋಡಿದರು. ಕೊಟ್ಟ ದಾನ ಹಿಂದಕ್ಕೆ ತಗೊಂಡರೆ ಏಳು ಜನ್ಮ ಕುರುಡಾಗಬೇಕಾಗುತ್ತದೆ ಎಂದು ಎದ್ದುಹೋದರು. ಅತ್ತೆ ವಿಹಾರದ ಹಿರಿಯ ಭಿಕ್ಷುವಿನ ಹತ್ತಿರ ಹೋದರು. ಭಿಕ್ಷು ಮಾವನನ್ನು ಕರೆಸಿ, ಸಂಜೆಯ ಪ್ರಾರ್ಥನೆ ಮುಗಿಯುವವರೆಗೆ ಉರಿಸಿದರೆ ಧಾರಾಳವಾಯಿತು ಎಂದರು. "ಬುದ್ಧನಿಗೆ ಕತ್ತಲಲ್ಲೂ ಕಣ್ಣು ಕಾಣತ್ತೆ, ದಾನಿ. ಹೆಂಡತಿಯನ್ನ ಹಸಿವಿಗೆ ಹಾಕಿ ಕೊಟ್ಟ ಬೆಳಕು ಅವನಿಗೆ ಬೇಡ."

ಮಾವ ಮೂರು ಸಲ ಅಡ್ಡಬಿದ್ದರು, ಈ ಸಲ ಲುಂಗಿ ಗಟ್ಟಿಯಿತ್ತು. ಆದರೆ ದೀಪ ಆ ರಾತ್ರಿಯೂ ಉರಿಯಿತು, ಮರುರಾತ್ರಿಯೂ.

ಅಷ್ಟರಲ್ಲಿ ಶಾಲೆಯ ಮಕ್ಕಳು ಅತ್ತೆಗೆ ಹುಳಿಯಜ್ಜಿ ಎಂದು ಹೆಸರಿಟ್ಟಿದ್ದರು, ಗೇಟಿನ ಪಕ್ಕದ ಜಾಗ ಇನ್ನೊಬ್ಬಳ ಪಾಲಾಗಿತ್ತು. ಈಗ ಅತ್ತೆ ಊ ಲೂ ಮಾವ್ ಅವರ ಗೋದಾಮಿನಲ್ಲಿ ಕಂಬಳಿಯ ಅಂಚಿಗೆ ಕುಚ್ಚು ಕಟ್ಟುತ್ತಾರೆ. ಬೆರಳ ತುದಿ ಸೀಳಿ, ಅಕ್ಕಿ ತೊಳೆಯುವಾಗ ಉರಿಯುತ್ತದಂತೆ. ಫ್ರಿಜ್ಜಿನಲ್ಲಿ ಮಾವನ ಲುಂಗಿಗಳಿವೆ, ಅಲ್ಲಿಗೆ ಇಲಿ ಬರುವುದಿಲ್ಲ. ಮೂರನೆಯ ಬ್ಯಾಟರಿಯನ್ನು ಮಾವ ಸಾಲದ ಮೇಲೆ ತಂದರು, ಅದು ಗುಡಿಗೇ ಮೀಸಲು.

ಬೀದಿಯವರು ಅವರ ಭಕ್ತಿಯನ್ನು ಹೊಗಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಮೊನ್ನೆ ಸಂಜೆ ಮಾವ ಗುಡಿಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಎರಡು ಕಂಬದ ಬೆಳಕೂ ಅವರ ಬೋಳುತಲೆಯ ಮೇಲೆ ಬಿದ್ದಿತ್ತು. ಅತ್ತೆ ಗೋದಾಮಿನಿಂದ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ: "ಮಾವ, ದೊಡ್ಡ ಭಿಕ್ಷುಗಳೇ ಆರಿಸು ಅಂದ ಮೇಲೆ ಪಾಪದ ಮಾತು ಎಲ್ಲಿ ಬಂತು? ಮತ್ತೆ ಯಾಕೆ ಆರಿಸಲಿಲ್ಲ?"

ಮಾವ ಚುಟ್ಟದ ಬೂದಿ ಕೊಡವಿ, ಬಲಗಂಬದ ಕಡೆ ಗದ್ದ ಎತ್ತಿ ತೋರಿಸಿದರು.

"ಅವನದು ಇನ್ನೂ ಉರೀತಾ ಇದೆಯಲ್ಲ."