ಕೆಂಚಿ ದಾಟಿದ ತಂತಿ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ರಾಣೆಬೆನ್ನೂರಿನಲ್ಲಿ ಪಶುವೈದ್ಯನಾಗಿದ್ದೆ. ಎತ್ತು, ಎಮ್ಮೆಗಳೇ ನನ್ನ ಲೋಕ. ನಾಯಿಯನ್ನು ಆಸ್ಪತ್ರೆಗೆ ತಂದವರನ್ನು ಆಗ ಜನ ಪಿಳಿಪಿಳಿ ನೋಡುತ್ತಿದ್ದರು. ಆದರೂ ಇಡೀ ನೌಕರಿಯಲ್ಲಿ ನನ್ನನ್ನು ಮೂಕನನ್ನಾಗಿಸಿದ್ದು ಹಲಗೇರಿಯ ಒಂದು ಕೆಂಚು ನಾಯಿ.

ಅದರ ಮಾಲೀಕ ಬಸವರಾಜ ಒಂದು ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಬಂದ.

"ಡಾಕ್ಟ್ರ, ಕೆಂಚಿಗೆ ಹುಚ್ಚು ಹಿಡದೈತ್ರಿ. ಯಾರೂ ಹೊಡೀದಿದ್ರೂ ಚೀರತೈತಿ. ನಮ್ಮವ್ವ ರೊಟ್ಟಿ ಹಿಡದ್ರ ಓಡತೈತಿ. ಮಂದಿ ಬಡಿಗಿ ಹಿಡಕೊಂಡು ನಿಂತಾರ. ನೀವು ಬಂದು ನೋಡೂತನಾ ಕೈ ಹಚ್ಚಬ್ಯಾಡ್ರಿ ಅಂದೇನಿ."

"ಯಾರಿಗಾದರೂ ಕಚ್ಚಿದೆಯಾ?"

"ಇಲ್ಲರಿ."

ಹುಚ್ಚುನಾಯಿ ಎಂದರೆ ಆಗ ವಿಚಾರಣೆ ಇರಲಿಲ್ಲ. ನನ್ನ ಬಾಯಿಂದ ಹೌದು ಎಂಬ ಮಾತು ಬಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೂಡಲೇ ಹೊರಟೆ.

ಬಸವರಾಜ ಸೀಡ್ಸ್ ಕಂಪನಿಗಾಗಿ ಹತ್ತಿ ಬೀಜ ಬೆಳೆಯುತ್ತಿದ್ದ. ಅದಕ್ಕೆ ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಬೇಕು. ಬೀದಿನಾಯಿಗಳು ನುಗ್ಗಿ ಹೊರಳಾಡಿದರೆ ಹೆಣ್ಣಾಳುಗಳ ದುಡಿಮೆಯೆಲ್ಲ ಮಣ್ಣುಪಾಲು. ಹೀಗಾಗಿ ಹೊಲದ ಸುತ್ತ ಝಟಕಾ ಬೇಲಿ ಹಾಕಿಸಿದ್ದ. ಎನರ್ಜೈಸರ್ ಎಂಬ ಪೆಟ್ಟಿಗೆ ಬ್ಯಾಟರಿಯಿಂದ ತಂತಿಗೆ ಬಿಟ್ಟುಬಿಟ್ಟು ಕರೆಂಟು ಕಳಿಸುತ್ತದೆ. ಮುಟ್ಟಿದರೆ ಜೀವ ಹೋಗುವುದಿಲ್ಲ, ಹೋದಂತಾಗುತ್ತದೆ ಅಷ್ಟೇ.

ಬಸವರಾಜನ ತಾಯಿ ಗಂಗವ್ವ ಹೊಲದ ಮನೆಯ ಬಾಗಿಲಲ್ಲೇ ಕಣ್ಣೀರಿಟ್ಟಳು. "ನನ್ನ ಕೈಯಾಗ ಬೆಳದಾಕಿರಿ. ಮಷೀನಿಗೆ ಪೂಜಿ ಮಾಡಿದ ದಿನದಿಂದ ನನ್ನ ಕಂಡ್ರ ಬಾಲ ಮುದುರತಾಳ."

ಪೂಜೆಯಲ್ಲಿ ಏನೇನು ಮಾಡಿದಿರಿ ಎಂದು ಕೇಳಿದೆ. ಹೊಸ ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಗುಂಡಿ ಒತ್ತಿದ್ದರು. ಮನೆಯ ಪದ್ಧತಿಯಂತೆ ಗಂಗವ್ವ ನೈವೇದ್ಯದ ಹೋಳಿಗೆಯನ್ನು ಮೊದಲು ಕೆಂಚಿಗೆ ಹಿಡಿದಿದ್ದಳು, ತಂತಿಯ ಪಕ್ಕದಲ್ಲೇ. ಒದ್ದೆ ಮೂಗು ತಂತಿಗೆ ತಾಗಿತ್ತು. ನಾಯಿಗೆ ಎನರ್ಜೈಸರ್ ಎಲ್ಲಿ ಗೊತ್ತು? ಅದರ ಲೆಕ್ಕದಲ್ಲಿ ಕಚ್ಚಿದ್ದು ಗಂಗವ್ವನ ಕೈ.

ರೊಟ್ಟಿಯ ಭಯದ ಗುಟ್ಟೇನೋ ತಿಳಿಯಿತು. ಆ ಚೀರಾಟ? ದೂರದಿಂದಲೇ ಕೆಂಚಿಯನ್ನು ನೋಡಿದೆ. ಮೊಲೆಗಳು ಜೋತಿದ್ದವು, ತೊಟ್ಟುಗಳು ಆಗಷ್ಟೇ ಚೀಪಿದಂತೆ ಕೆಂಪಗಿದ್ದವು.

"ಇದರ ಮರಿಗಳೆಲ್ಲಿ?"

"ಬೇಲಿ ಹಾಕೂ ಮುಂಚೇನ ಈದಿತ್ರಿ. ನಾವು ಒಂದೂ ಮರಿ ಕಾಣಲಿಲ್ಲ. ನರಿ ಒಯ್ದಾವ ಅಂತ ತಿಳಿದ್ವಿ," ಎಂದ ಬಸವರಾಜ.

ಎಲ್ಲರನ್ನೂ ಸುಮ್ಮನೆ ಕೂರಿಸಿ ಕಾದೆ. ಬಿಸಿಲೇರಿದ ಮೇಲೆ ಕೆಂಚಿ ಎದ್ದು ಬೇಲಿಯತ್ತ ನಡೆಯಿತು. ತಂತಿಯ ಮುಂದೆ ನಿಂತು ಗಡಗಡ ನಡುಗಿತು, ಹಿಂದೆ ಸರಿಯಿತು, ಮತ್ತೆ ಬಂತು. ಆಮೇಲೆ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಕೆಳಗಿನ ತಂತಿಯಡಿ ನುಸುಳಿತು. ಬೆನ್ನಿಗೆ ಝಟಕಾ ಬಿತ್ತು. ಎದೆ ಸೀಳುವಂತೆ ಚೀರಿತು. ಆದರೆ ಹಿಂದಕ್ಕೆ ಬರಲಿಲ್ಲ, ಒಳಗೇ ಹೋಯಿತು.

ನಾವು ಗೇಟಿನಿಂದ ಹಿಂಬಾಲಿಸಿದೆವು. ಹೊಲದ ಮೂಲೆಯ ಕಲ್ಲುಗುಂಪೆಯ ಸಂದಿಯಲ್ಲಿ ಮರಿಗಳಿದ್ದವು, ದುಂಡಗೆ, ಹೊಟ್ಟೆ ತುಂಬ ಹಾಲು ಕುಡಿದುಕೊಂಡು. ಹಾಲೂಡಿಸಲು ಹೋಗುವಾಗೊಂದು ಝಟಕಾ, ಬರುವಾಗ ಇನ್ನೊಂದು. ಇಷ್ಟು ದಿನ ಅದು ನಡೆಸಿದ ಸಂಸಾರ ಇದು. ನನ್ನ ಕೈಗಳು ತಾವಾಗಿ ಮುಗಿದುಕೊಂಡವು. ಪುಸ್ತಕದಲ್ಲಿ ಓದಿದ್ದ ತಾಯ್ತನವೆಲ್ಲ ಆ ಕೆಂಚು ಬೆನ್ನಿನ ಮುಂದೆ ಸಪ್ಪೆಯಾಗಿತ್ತು.

ಬಡಿಗೆ ಹಿಡಿದಿದ್ದವರು ಒಬ್ಬೊಬ್ಬರಾಗಿ ಅದನ್ನು ಕೆಳಗಿಟ್ಟರು. "ಯವ್ವಾ, ಇದನ್ನ ಹುಚ್ಚು ಅಂದ್ವಲ್ಲೋ," ಎಂದು ಗಂಗವ್ವ ಮಣ್ಣಿನಲ್ಲೇ ಕುಸಿದಳು. ಬಸವರಾಜ ಹೋಗಿ ಪೆಟ್ಟಿಗೆಯ ಗುಂಡಿ ಆರಿಸಿದ. ಮರಿಗಳನ್ನು ಬುಟ್ಟಿಯಲ್ಲಿ ಮನೆಗೆ ತಂದೆವು. ಕೆಂಚಿ ಬುಟ್ಟಿಯ ಹಿಂದೆಯೇ ಬಂತು, ಆದರೆ ಬೇಲಿಯ ಜಾಗದಲ್ಲಿ, ತಂತಿ ಸತ್ತಿದ್ದರೂ, ಹೊಟ್ಟೆ ಎಳೆದುಕೊಂಡೇ ದಾಟಿತು.

ಗಂಗವ್ವ ದಿನವೂ ರೊಟ್ಟಿಯನ್ನು ನೆಲದ ಮೇಲಿಟ್ಟು ದೂರ ಕೂರುತ್ತಿದ್ದಳು. ಮರಿಗಳು ಅವಳ ತೊಡೆ ಏರುವ ಹೊತ್ತಿಗೆ ಕೆಂಚಿಯೂ ಕೈಯಿಂದ ತಿನ್ನತೊಡಗಿತು. ಹೋಳಿಗೆಯನ್ನು ಮಾತ್ರ ಸಾಯುವತನಕ ಮೂಸಲಿಲ್ಲವಂತೆ.

ಈಗ ನಾಯಿಯನ್ನು ಪಳಗಿಸಲು ಅದರ ಕೊರಳಿಗೇ ಝಟಕಾ ಕೊಡುವ ಪಟ್ಟಿ ಬಂದಿದೆ. ಕಟ್ಟಬಹುದೇ ಎಂದು ಕೇಳಲು ಕೆಲವರು ಬರುತ್ತಾರೆ. ನೋವಿನಿಂದ ಪ್ರಾಣಿ ಏನೋ ಕಲಿಯುತ್ತದೆ, ಆದರೆ ಏನು ಕಲಿಯಿತೆಂಬುದು ನಮ್ಮ ಕೈಯಲ್ಲಿಲ್ಲ. ನನ್ನ ವೃತ್ತಿ ಕಲಿಸಿದ್ದು ಇದನ್ನೇ. ಬಂದವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಝಟಕಾ ಬೀಳುವ ಗಳಿಗೆಯಲ್ಲಿ ಅದು ನಿಮ್ಮ ಮುಖವನ್ನೇ ನೋಡುತ್ತಿದ್ದರೆ?