ಸವಿತಾ ಸಿಸ್ಟರ್ ಹೇಳಿದ್ರು

ಈ ಬೆಳಗ್ಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಗಸು ಐದು ಕಟ್ಟು ಸಬ್ಬಸಿಗೆ ಸೊಪ್ಪು ಕೊಂಡಳು. ಅಷ್ಟು ಸಬ್ಬಸಿಗೆ ಹೋಗುವ ಮನೆಯಲ್ಲಿ ಬಾಣಂತಿ ಇರಲೇಬೇಕು, ನಿಮಗೂ ಗೊತ್ತಲ್ಲ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎರಡು ವರ್ಷದ ಹಿಂದಿನ ನನ್ನ ಹೊಟ್ಟೆಕಿಚ್ಚು ನೆನಪಾಯಿತು.

ಕಿಚ್ಚು ಒಬ್ಬ ನರ್ಸ್ ಮೇಲೆ. ಗದಗದ ಕಡೆಯ ಸವಿತಾ, ಬಿಳೇಕಹಳ್ಳಿ ಹತ್ತಿರದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದಕ್ಕೆಂದೇ ತರಬೇತಾದವಳು. ಓದಿ ಪಾಸಾದ ಸೂಲಗಿತ್ತಿ ಅನ್ನಿ. ನನ್ನ ಮಗಳು ದೀಪಾ ಬಸುರಿಯಾದಾಗ ತಿಂಗಳು ತಿಂಗಳು ಅವಳ ಹತ್ತಿರವೇ ತೋರಿಸಿಕೊಳ್ಳುತ್ತಿದ್ದಳು. ತೊಡಕೇನಾದರೂ ಕಂಡರೆ ಡಾಕ್ಟರು.

ನಾನು "ಮಲ್ಕೊಳೇ" ಅಂದರೆ, "ನಡೀಬೇಕಂತೆ ಅಮ್ಮ, ಸವಿತಾ ಸಿಸ್ಟರ್ ಹೇಳಿದ್ರು." ಮಗು ಬೆಳ್ಳಗಾಗಲೆಂದು ಕೇಸರಿ ಹಾಲು ತಂದರೆ, "ಬಣ್ಣಕ್ಕೂ ಕೇಸರಿಗೂ ಸಂಬಂಧ ಇಲ್ವಂತೆ." ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಪಾಠ ಹೇಳಿದವಳಿಗೆ ಸ್ವಂತ ಮನೆಯಲ್ಲಿ ಕೊನೆಯ ಬೆಂಚು!

ಹೆರಿಗೆಯ ದಿನ ನನ್ನನ್ನೂ ಒಳಗೆ ಬಿಟ್ಟರು. ನೋವು ಏರಿದಾಗ ನಾನು ಕೈ ಚಾಚಿದೆ. ದೀಪಾ ನನ್ನ ಕೈ ದಾಟಿ ಸವಿತಾಳ ಕೈ ಹಿಡಿದಳು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹೊದಿಕೆ ಸರಿಮಾಡಿದೆ.

"ತಡ್ಕೋ, ನಾನು ನಿನ್ನ ಹೆತ್ತಿಲ್ವಾ?"

"ಅಮ್ಮ, ಸ್ವಲ್ಪ ಸುಮ್ನಿರು!"

ಸವಿತಾ ನಗಲಿಲ್ಲ. "ಅಮ್ಮಾರ, ಹಿಂದ ಬರ್ರಿ. ಸೊಂಟದ ಮ್ಯಾಲೆ ಅಂಗೈ ಇಟ್ಟು ಒತ್ರಿ" ಎಂದಳು.

ಒತ್ತಿದೆ. "ಹಾ, ಅಲ್ಲೇ ಅಮ್ಮ" ಎಂದಳು ಮಗಳು. ಖುಷಿಯಾಗಬೇಕಿತ್ತು. ಅದನ್ನೂ ಇವಳೇ ಹೇಳಿಕೊಡಬೇಕಾಯಿತೇ ಎಂದು ಇನ್ನಷ್ಟು ಉರಿಯಿತು.

ಮಧ್ಯಾಹ್ನ ಮೊಮ್ಮಗಳು ಹುಟ್ಟಿದಳು. ಅಷ್ಟು ಹೊತ್ತೂ ಸವಿತಾ ಒಮ್ಮೆಯೂ ದನಿ ಏರಿಸಿರಲಿಲ್ಲ. ನನ್ನ ಹೆರಿಗೆಯಲ್ಲಿ ನರ್ಸ್ ಗದರಿದ್ದು, ಇವತ್ತಿಗೂ ಕಿವಿಯಲ್ಲಿರುವುದು, "ಯಾಕಮ್ಮ ಕಿರುಚ್ತೀಯ?" ಹಿಡಿದುಕೊಳ್ಳಲು ಸಿಕ್ಕಿದ್ದು ಮಂಚದ ಕಬ್ಬಿಣ. ಹೊಟ್ಟೆಕಿಚ್ಚು ಮೆಲ್ಲಗೆ ಮಗಳ ಕಡೆ ತಿರುಗಿತು. ಆಗಷ್ಟೇ ಹೆತ್ತು ಮಲಗಿದ ಮಗಳ ಮೇಲೆ! ಇದನ್ನು ಯಾರಿಗೆ ಹೇಳಲಿ, ನಿಮಗೆ ಹೇಳುತ್ತಿದ್ದೇನೆ.

ಹೊರಗೆ ಬೆಂಚಿನ ಮೇಲೆ ಕೂತಾಗ ಸೀನು ಬಂತು. ಕಾಲು ಬಿಗಿಹಿಡಿದು ಸೀನಿದೆ. ಅದನ್ನು ಕಂಡ ಸವಿತಾ ಪಕ್ಕದಲ್ಲಿ ಬಂದು ಕೂತಳು.

"ಎಷ್ಟು ವರ್ಷ ಆತ್ರಿ ಹಿಂಗ?"

"ಏನು?"

"ಸೀನಿದ್ರ ಬಟ್ಟಿ ತೊಯ್ಯೂದು."

ಗಂಡನಿಗೂ ಹೇಳಿರದ ಮಾತು. "ದೀಪಾ ಹುಟ್ಟಿದಾಗಿಂದ" ಎಂದೆ.

"ಇಷ್ಟ್ ವರ್ಷ ಯಾರಿಗೂ ಹೇಳಿಲ್ಲೇನ್ರಿ?"

"ಯಾರೂ ಕೇಳ್ಲಿಲ್ಲಮ್ಮ" ಎಂದೆ.

ಅವಳೇ ಡಾಕ್ಟರ ಹತ್ತಿರ ಕರೆದೊಯ್ದಳು, ಮೂತ್ರ ತಡೆಹಿಡಿಯುವ ಸ್ನಾಯು ಬಿಗಿಯಾಗುವ ವ್ಯಾಯಾಮ ಕಲಿಸಿದಳು. ಈಗ ಮದುವೆಮನೆಯಲ್ಲೂ ಧೈರ್ಯವಾಗಿ ಸೀನುತ್ತೇನೆ. ಆಗಾಗ ಹೋಗಿ ತೋರಿಸಿಕೊಂಡು, ಒಂದಷ್ಟು ಹರಟಿ ಬರುತ್ತೇನೆ.

ಮಾರ್ಕೆಟ್ಟಿನಿಂದ ಮನೆಗೆ ಬರುತ್ತಲೇ ದೀಪಾಳ ಫೋನು.

"ಗುರುವಾರ ಪಾಪೂನ ನೋಡ್ಕೋತೀಯಾ ಅಮ್ಮ?"

"ಗುರುವಾರ ಆಗಲ್ಲ ಕಣೇ, ಸವಿತಾ ಹತ್ರ ಹೋಗ್ತಿದೀನಿ."

"ನನ್ ಹತ್ರ ಹೇಳ್ದೆ ಇರೋದು ಏನಮ್ಮ, ಅವ್ರ ಹತ್ರ ಹೇಳ್ಕೊಳ್ಳೋದು?"

ಆ ದನಿಯ ಉರಿ ನನಗೆ ತಿಳಿಯದ್ದೇ?

"ನೀನೂ ಜೊತೇಲಿ ಬಾ" ಎಂದೆ. "ನಿನ್ನ ಹೆತ್ತ ಕತೆ ನಿಂಗಿನ್ನೂ ಹೇಳೇ ಇಲ್ಲ."