ಆರನೇ ಗುಂಡಿನ ಪ್ರಶ್ನೆ

ಅವರ ಬಲಗೈಯ ತೋರುಬೆರಳು ಯಾವುದನ್ನೂ ಸುತ್ತಿ ಹಿಡಿಯುತ್ತಿರಲಿಲ್ಲ. ಚಹದ ಕಪ್ಪು ಹಿಡಿದರೂ, ರೊಟ್ಟಿ ಮಗುಚುವ ಸಟ್ಟುಗ ಹಿಡಿದರೂ, ಕಾರಿನ ಸ್ಟಿಯರಿಂಗ್ ಹಿಡಿದರೂ ಉಳಿದ ಬೆರಳುಗಳು ಕೆಲಸ ಮಾಡುತ್ತಿದ್ದವು. ತೋರುಬೆರಳು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತೆ ನೆಟ್ಟಗೆ ಪಕ್ಕದಲ್ಲಿ ಮಲಗಿರುತ್ತಿತ್ತು. ಇಲಿನಾಯ್ ರಾಜ್ಯದ ವುಡ್‌ರಿಡ್ಜ್‌ನ ನಮ್ಮ ಬಡಾವಣೆಯಲ್ಲಿ ಮೊದಲ ಸಲ ಅವರನ್ನು ನೋಡಿದಾಗ, ಪಾಪ, ಬೆರಳಿಗೆ ಎಂದೋ ಪೆಟ್ಟಾಗಿರಬೇಕು ಅಂದುಕೊಂಡಿದ್ದೆ. ಪಿಸ್ತೂಲು ಹಿಡಿಯುವವರ ಮೊದಲ ಪಾಠವೇ ಅದು, ಗುರಿ ನಿಶ್ಚಯವಾಗುವ ತನಕ ಬೆರಳು ಟ್ರಿಗರ್ ಮುಟ್ಟಬಾರದು. ಮೂವತ್ತು ವರ್ಷ ಹಾಗೆ ನಡೆದುಕೊಂಡು ಬೆರಳಿಗೇ ಅಭ್ಯಾಸವಾಗಿಬಿಟ್ಟಿದೆ ಎಂದು ತಿಳಿದದ್ದು ಆಮೇಲೆ.

ನಮಗೆಲ್ಲ ಅವರು ಆಂಟಿ. ಬಾಗಲಕೋಟೆ ಕಡೆಯವರು. ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ತಯಾರಾದ ಭಾಗಗಳನ್ನು ಅಳೆದು ಪಾಸು ಮಾಡುವ, ಇಲ್ಲವೇ ಬುಟ್ಟಿಗೆ ಎಸೆಯುವ ಕೆಲಸದಲ್ಲಿ ಅರ್ಧ ಆಯುಷ್ಯ ಕಳೆದಿದ್ದರು. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಹತ್ತಿರವಾಗಲಿ ಎಂದು ಇತ್ತ ಬಂದವರು. ಎಪ್ಪತ್ತೊಂದು ವಯಸ್ಸು, ಕಾಟನ್ ಸೀರೆ, ಕಾಲಿಗೆ ಓಡುವ ಬೂಟು. ವಾರದಲ್ಲಿ ಒಂದು ದಿನ ಪಕ್ಕದೂರು ಲೆಮಾಂಟಿನ ದೇವಸ್ಥಾನದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವುದು, ಎರಡು ದಿನ ಶೂಟಿಂಗ್ ರೇಂಜಿನಲ್ಲಿ, ಅಂದರೆ ಗುಂಡು ಹಾರಿಸುವ ಅಭ್ಯಾಸದ ಜಾಗದಲ್ಲಿ, ಪಾಠ ಹೇಳುವುದು. ಪಿಸ್ತೂಲನ್ನು ಮೈಮೇಲೆ ಮರೆಯಾಗಿ ಒಯ್ಯುವ ಲೈಸೆನ್ಸಿಗೆ ಇಲಿನಾಯ್‌ನಲ್ಲಿ ಹದಿನಾರು ಗಂಟೆಯ ತರಬೇತಿ ಬೇಕು, ಕೊನೆಗೆ ಗುಂಡು ಹೊಡೆದು ತೋರಿಸುವ ಪರೀಕ್ಷೆಯೂ ಇದೆ. ಆಂಟಿ ಅದಕ್ಕೆ ಅಧಿಕೃತ ಶಿಕ್ಷಕಿ.

"ಗನ್ನು ಯಾಕೆ ಕಲಿತ್ರಿ ಆಂಟಿ?" ಎಂದು ಒಮ್ಮೆ ಕೇಳಿದ್ದೆ.

"ಕಂಪನಿಯಾಗ ಬಾಜೂ ಟೇಬಲ್ಲಿನಾಕಿ ಒಂದ್ ಶನಿವಾರ ರೇಂಜಿಗೆ ಕರಕೊಂಡು ಹೋಗಿದ್ಲು. ಗುಂಡು ಗುರಿಗೆ ಬಿತ್ತು. ಖುಷಿ ಆತು. ಅಷ್ಟ."

ನಾನು ಅವರ ಬಳಿ ಹೋದದ್ದು ಖುಷಿಗಲ್ಲ. ನಾನು ಫಾರ್ಮಸಿಸ್ಟ್. ಮೈಸೂರಿನಲ್ಲಿ ಓದಿದ ಪದವಿ ಇಲ್ಲಿ ಲೆಕ್ಕಕ್ಕೆ ಬರಬೇಕೆಂದು, ಮಗಳನ್ನು ಕಂಕುಳಲ್ಲಿಟ್ಟುಕೊಂಡು ಐದು ವರ್ಷ ಒಂದರ ಮೇಲೊಂದು ಪರೀಕ್ಷೆ ಬರೆದು ಬಿಳಿ ಕೋಟು ಹಾಕಿಕೊಂಡವಳು. ಒಂದು ಸಣ್ಣ ಔಷಧದಂಗಡಿಯಲ್ಲಿ ಕೆಲಸ. ಬೇಸಗೆಯ ಒಂದು ಮಧ್ಯಾಹ್ನ ಮಾಸ್ಕ್ ಹಾಕಿಕೊಂಡವನೊಬ್ಬ ಕೌಂಟರಿನ ಮುಂದೆ ಬಂದು ನಿಂತು, ಜೇಬಿನಿಂದ ಪಿಸ್ತೂಲು ತೆಗೆದು, ನೋವಿನ ಮಾತ್ರೆಯ ಡಬ್ಬಿಗಳನ್ನು ಕೇಳಿದ. ಕೊಟ್ಟೆ. ಹೋದ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಯಾರಿಗೂ ಗಾಯವಾಗಲಿಲ್ಲ. ಆದರೆ ಮರುದಿನದಿಂದ ಬಾಗಿಲ ಗಂಟೆ ಸದ್ದಾದರೆ ಸಾಕು, ನನ್ನ ಕೈ ನಡುಗತೊಡಗಿತು. ತಟ್ಟೆಯಲ್ಲಿ ಮಾತ್ರೆ ಎಣಿಸಲು ಹೋದರೆ ಅರ್ಧ ನೆಲದ ಮೇಲೆ. ಮಾಲೀಕರು ಒಳ್ಳೆಯವರು, ರಜೆ ಕೊಟ್ಟರು. ಅದು ಬೆಳೆದು ಬೆಳೆದು ಎರಡು ತಿಂಗಳಾದಾಗ ಅವರಿಗೂ ಸಾಕಾಯಿತು. ನವೆಂಬರ್ ಒಂದಕ್ಕೆ ಬಾರದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದು ಮೆತ್ತಗೆ ಹೇಳಿದರು. ನಾನು ಎಡವಟ್ಟು ಹೆಂಗಸು. ಹೋದರೆ ನಾನೂ ಒಂದು ಪಿಸ್ತೂಲು ಇಟ್ಟುಕೊಂಡೇ ಹೋಗುತ್ತೇನೆ, ಇಲ್ಲವಾದರೆ ಕೋಟು ಬಿಚ್ಚಿಟ್ಟು ಕೆಲಸ ಬಿಡುತ್ತೇನೆ ಎಂದು ಹಟ ಹಿಡಿದೆ.

ಆಂಟಿಯ ಮನೆಗೆ ಹೋದಾಗ ಅವರು ಕೇಳಿದ ಮೊದಲ ಮಾತು, "ಗ್ರೀನ್ ಕಾರ್ಡ್ ಬಂದೈತೇನು?" ಕೆಲಸದ ವೀಸಾದವರು ಬಂದರೆ, ಅವರು ಗನ್ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು ಹೇಳಿ, ಚಹ ಕುಡಿಸಿ, ಚಕ್ಕುಲಿ ಕೊಟ್ಟು ಕಳಿಸಿಬಿಡುತ್ತಿದ್ದರಂತೆ. ನಮಗೆ ಕಾರ್ಡ್ ಬಂದು ಎರಡು ವರ್ಷವಾಗಿತ್ತು. ಗನ್ ಕೊಳ್ಳಲು ಬೇಕಾದ ರಾಜ್ಯದ ಗುರುತಿನ ಚೀಟಿಯೂ ಕೈಸೇರಿತ್ತು. ನನ್ನ ಜೊತೆ ನನ್ನ ಗಂಡನೂ ಬಂದಿದ್ದ, ಅವನ ಜೊತೆ ಲ್ಯಾಪ್‌ಟಾಪೂ ಬಂದಿತ್ತು. ಪುಣ್ಯಾತ್ಮ ಹದಿನಾಲ್ಕು ಕಾಲಮ್ಮಿನ ಎಕ್ಸೆಲ್ ಹಾಳೆ ಮಾಡಿದ್ದ. ಮಾರುಕಟ್ಟೆಯಲ್ಲಿರುವ ಸಣ್ಣ ಪಿಸ್ತೂಲುಗಳೆಲ್ಲ ಅದರಲ್ಲಿದ್ದವು: ತೂಕ, ಉದ್ದ, ದಪ್ಪ, ಎಷ್ಟು ಗುಂಡು ಹಿಡಿಯುತ್ತದೆ, ಯಾರು ಎಷ್ಟು ನಕ್ಷತ್ರ ಕೊಟ್ಟಿದ್ದಾರೆ. ನಮ್ಮವರು ಕಾರು ಕೊಳ್ಳುವುದೂ ಮಕ್ಕಳ ಕಾಲೇಜು ಆರಿಸುವುದೂ ಹೀಗೇ ತಾನೇ. ಕೊನೆಗೆ ಎಲ್ಲಕ್ಕಿಂತ ಪುಟ್ಟದಾದ ಒಂದನ್ನು ಹಸಿರು ಬಣ್ಣದಲ್ಲಿ ತುಂಬಿದ್ದ.

"ಹೆಂಗಸ್ರಿಗೆ ಇದೇ ಸರಿ ಅಲ್ವಾ ಆಂಟಿ? ಲೈಟ್ ವೆಯ್ಟ್, ಪರ್ಸಲ್ಲೂ ಕಾಣಲ್ಲ," ಅಂದ.

ಆಂಟಿ ಕನ್ನಡಕ ಏರಿಸಿ ಹಾಳೆಯನ್ನು ಪೂರ್ತಿ ಓದಿದರು. ಒಂದು ಕಾಲಮ್ಮನ್ನೂ ಬಿಡಲಿಲ್ಲ. "ಭಾಳ ಚೊಲೊ ಮಾಡೀಯಪಾ," ಅಂದರು. "ಆದ್ರ ಇದರಾಗ ಈಕಿ ಕೈ ಎಲ್ಲೈತಿ?"

ಮುಂದಿನ ಶನಿವಾರ ರೇಂಜಿನಲ್ಲಿ ನಾಲ್ಕು ಪಿಸ್ತೂಲುಗಳನ್ನು ಬಾಡಿಗೆಗೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನನ್ನ ಅಂಗೈಯನ್ನು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಅಳತೆಪಟ್ಟಿಯಲ್ಲಿ ಅಳೆದರು, ಹಳೆಯ ಚಟ. ಆಮೇಲೆ ಮೂರು ಪ್ರಶ್ನೆ ಹೇಳಿಕೊಟ್ಟರು. ಕಿರುಬೆರಳಿಗೆ ಹಿಡಿಯ ಮೇಲೆ ಜಾಗ ಸಿಗುತ್ತದೆಯೇ? ಮೇಲಿನ ಜಾರುವ ಭಾಗವನ್ನು, ಅಂದರೆ ಸ್ಲೈಡನ್ನು, ಹಲ್ಲು ಕಚ್ಚದೆ ಹಿಂದಕ್ಕೆ ಎಳೆಯಲು ಆಗುತ್ತದೆಯೇ? ಮೂರನೆಯದು ಅವರದೇ ಪ್ರಶ್ನೆ, ಯಾವ ಜಾಹೀರಾತಿನಲ್ಲೂ ಇಲ್ಲದ್ದು.

"ಐದು ಗುಂಡು ಹೊಡದ ಮ್ಯಾಲ ಆರನೇದು ಹೊಡೀಬೇಕು ಅನಸ್ತೈತೇನು? ಅನಸದಿದ್ರ ಅದು ನಿಂದಲ್ಲ, ಕೆಳಗಿಡು."

ಗಂಡನ ಹಸಿರು ಬಣ್ಣದ ರಾಣಿಯನ್ನೇ ಮೊದಲು ಹಿಡಿದೆ. ಕಿರುಬೆರಳು ಗಾಳಿಯಲ್ಲಿ. ಎರಡನೇ ಗುಂಡಿಗೇ ಅಂಗೈಯ ಬುಡ ಉರಿಯಿತು, ನಾಲ್ಕನೆಯದಕ್ಕೆ ಕಣ್ಣು ತಾನಾಗಿ ಮುಚ್ಚಿಕೊಂಡಿತು, ಐದನೆಯದು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಆರನೆಯದು ಬೇಡವೇ ಬೇಡ ಅನ್ನಿಸಿತು. "ಸಣ್ಣದು ಹಗುರ ಇರತೈತಿ, ಅದಕ್ಕ ಜೋರ್ ಒದೀತೈತಿ," ಎಂದು ಆಂಟಿ ನನ್ನ ಗಂಡನಿಗೆ ಹೇಳಿದರು, ಅವನು ಮೆಲ್ಲಗೆ ಲ್ಯಾಪ್‌ಟಾಪ್ ಮಡಚಿದ. ಐದು ಗುಂಡಿನ ಮೋಟು ರಿವಾಲ್ವರಿಗೆ ಸ್ಲೈಡ್ ಎಳೆಯುವ ಗೋಜಿಲ್ಲ, ಆದರೆ ಟ್ರಿಗರ್ ಎಷ್ಟು ಬಿಗಿಯೆಂದರೆ ಅದನ್ನು ಎಳೆಯುವಷ್ಟರಲ್ಲಿ ಮೂತಿ ಅತ್ತಿತ್ತ ಅಲ್ಲಾಡಿ ಗುರಿ ಕೆಡುತ್ತಿತ್ತು. ಮೂರನೆಯದು ತೆಳ್ಳಗೆ, ಚಪ್ಪಟೆ, ಸೊಂಟದಲ್ಲಿ ಇದ್ದದ್ದೇ ಗೊತ್ತಾಗದಂಥದ್ದು. ಅದರ ಸ್ಲೈಡ್ ಎಳೆಯಲು ಮಾತ್ರ ನನ್ನ ಕೈಲಾಗಲಿಲ್ಲ. ನಾಲ್ಕನೆಯದು ಅದಕ್ಕಿಂತ ಸ್ವಲ್ಪ ದಪ್ಪ, ಹಿಡಿ ಅರ್ಧ ಇಂಚು ಉದ್ದ, ತೂಕವೂ ಹೆಚ್ಚು. ಕಿರುಬೆರಳು ಕೂತಿತು. ಸ್ಲೈಡ್ ಮೆತ್ತಗೆ ಬಂತು. ಐದಾದ ಮೇಲೆ ಆರು ಹೊಡೆದೆ, ಏಳು ಹೊಡೆದೆ, ಗುಂಡು ತುಂಬುವ ಮ್ಯಾಗಜಿನ್ ಖಾಲಿಯಾದದ್ದೇ ತಿಳಿಯಲಿಲ್ಲ.

"ಇದು ದಪ್ಪ ಅಲ್ವಾ ಆಂಟಿ, ಬಟ್ಟೆ ಒಳಗೆ ಕಾಣಲ್ವಾ?" ಎಂದು ಕೇಳಿದೆ.

"ಬಟ್ಟಿ ಹೊಲಿಸಿಕೋಬಹುದು ತಂಗಿ. ಕೈ ಹೊಲಿಸಿಕೊಳ್ಳಾಕ ಆಗೂದಿಲ್ಲ."

ಆ ವಾರ ನನ್ನ ಎರಡು ಕುರ್ತಾಗಳ ಪಕ್ಕದ ಹೊಲಿಗೆ ಬಿಚ್ಚಿ ಅವರೇ ಸಡಿಲ ಮಾಡಿಕೊಟ್ಟರು. ನಾಲ್ಕನೆಯದನ್ನೇ ಕೊಂಡೆವು. ದುಡ್ಡು ಕೊಟ್ಟ ಮೇಲೂ ಎಪ್ಪತ್ತೆರಡು ಗಂಟೆ ಕಾಯಿಸಿದ ನಂತರವೇ ಅಂಗಡಿಯವನು ಅದನ್ನು ಕೈಗೆ ಕೊಡುವುದು.

ಕೈ ನಡುಕ ಮಾತ್ರ ಹೋಗಲಿಲ್ಲ. ರೇಂಜಿನಲ್ಲಿ ಪಕ್ಕದವರು ಯಾರಾದರೂ ಗುಂಡು ಹಾರಿಸಿದರೆ ನನ್ನ ಮೊಣಕೈವರೆಗೂ ಅಲುಗುತ್ತಿತ್ತು. ಒಂದು ದಿನ ಪಿಸ್ತೂಲು ಕೆಳಗಿಟ್ಟು, "ನಂಗಾಗಲ್ಲ ಆಂಟಿ, ಈ ಕೈ ನಿಲ್ಲೋದೇ ಇಲ್ಲ," ಎಂದು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ತಲೆ ಸವರುವ ಜಾತಿಯವರಲ್ಲ ಅವರು.

"ನಿಲ್ಲಬೇಕಂತ ಯಾರ್ ಹೇಳಿದ್ರು? ನಂದೂ ನಡಗತೈತಿ, ವಯಸ್ಸಾತು. ನಡಗಲಿ ಬಿಡು. ನಡಗೂ ಕೈಲೇ ಹೊಡಿ," ಅಂದರು.

ಪರೀಕ್ಷೆಯ ದಿನ ಆರಿಸಿದ್ದು ನಾವೇ, ವಿಜಯದಶಮಿ. ಒಳ್ಳೆಯ ದಿನ ಗೆದ್ದೇ ಗೆಲ್ಲುತ್ತೇವೆ ಎಂಬ ಲೆಕ್ಕ. ಹಿಂದಿನ ದಿನ ಆಯುಧಪೂಜೆ. ಗರಾಜಿನಲ್ಲಿ ಕಾರಿಗೆ, ಲ್ಯಾಪ್‌ಟಾಪಿಗೆ, ಮಿಕ್ಸಿಗೆ, ಮಗಳ ಸೈಕಲ್ಲಿಗೆ ಪೂಜೆ. ಇಷ್ಟು ವರ್ಷ ಸ್ಕ್ರೂಡ್ರೈವರಿಗೆ ಕುಂಕುಮ ಹಚ್ಚಿ ಆಯುಧ ಅನ್ನುತ್ತಿದ್ದೆವು, ಈ ಸಲ ನಿಜವಾದ ಆಯುಧವೇ ಮನೆಯಲ್ಲಿದೆ, ಬಿಡುವುದುಂಟೇ? ಗುಂಡು ತೆಗೆದ ಪಿಸ್ತೂಲನ್ನು ತಟ್ಟೆಯಲ್ಲಿಟ್ಟು ಗಂಧ ತೇದು ಬಳಿದೆ, ಧಾರಾಳವಾಗಿ ಅರಿಸಿನ ಕುಂಕುಮ ಇಟ್ಟೆ, ಸೇವಂತಿಗೆ ಏರಿಸಿದೆ, ಭಕ್ತಿಯಿಂದ ಆರತಿ ಎತ್ತಿದೆ. ಬೆಳಿಗ್ಗೆ ಮೇಲಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿಟ್ಟು ಹೊರಟೆ.

ಮೂವತ್ತು ಗುಂಡು. ಐದು, ಏಳು, ಹತ್ತು ಗಜ ದೂರದಿಂದ ಹತ್ತು ಹತ್ತು. ಇಪ್ಪತ್ತೊಂದು ಗುರಿಗೆ ಬೀಳಬೇಕು. ಆಂಟಿ ಪಿಸ್ತೂಲಿನ ಕೊಳವೆ ನೋಡಿ, ಹಿಂದಿರುಗಿಸಿ, ಕಿವಿಗೆ ಕವಚ ಹಾಕಿಕೊಂಡು ಹಿಂದೆ ನಿಂತರು. ಐದು ಗಜದ ಹತ್ತೂ ಬಿದ್ದವು. ಏಳು ಗಜದಲ್ಲಿ ಮೂರನೆಯದು ಹೊಡೆದ ಮೇಲೆ ಸ್ಲೈಡ್ ಮುಂದಕ್ಕೆ ಬರಲೇ ಇಲ್ಲ. ಅರ್ಧದಲ್ಲಿ ಕಚ್ಚಿಕೊಂಡು ನಿಂತಿತು. ನೋಡುತ್ತೇನೆ, ಸ್ಲೈಡ್ ಜಾರುವ ತೋಡಿನಲ್ಲಿ ಗಂಧ ಕುಂಕುಮ ಒಣಗಿ ಗಾರೆಯಾಗಿದೆ. ಬೆವರಿಗೆ ನೆಂದ ಕುಂಕುಮ ನನ್ನ ಬೆರಳೆಲ್ಲ ಕೆಂಪು ಮಾಡಿತ್ತು. ರೇಂಜಿನ ಮೇಲ್ವಿಚಾರಕ ಓಡಿ ಬಂದು, ಮೇಡಂ, ರಕ್ತ ಬರುತ್ತಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇಲ್ಲ, ಇದು ಪೂಜೆಯದು ಅಂದೆ. ಅವನಿಗೆ ಏನು ಅರ್ಥವಾಯಿತೋ, ಎರಡು ಹೆಜ್ಜೆ ಹಿಂದೆ ಸರಿದ.

ತಿರುಗಿ ನೋಡಿದೆ. ಆಂಟಿಯ ಮುಖದಲ್ಲಿ ಏನೂ ಇಲ್ಲ.

"ಬಿಟ್ಟು ಇನ್ನೊಂದ್ ದಿನ ಬರ್ತೀಯೇನು?" ಎಂದು ಮಾತ್ರ ಕೇಳಿದರು.

ಇನ್ನೊಂದು ದಿನ ಎಂದರೆ ನವೆಂಬರ್ ಒಂದು ದಾಟುತ್ತದೆ, ಇನ್ನೊಂದು ದಿನ ಎಂದರೆ ನಾನು ಬರುವುದೇ ಇಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು. ಬೇಡ ಎಂದು ತಲೆಯಾಡಿಸಿದೆ. ಮೂತಿ ಗುರಿಯ ಕಡೆಗೇ ಇಟ್ಟು, ಬೆರಳನ್ನು ಟ್ರಿಗರಿನಿಂದ ದೂರ ಮಾಡಿ, ಮ್ಯಾಗಜಿನ್ನಿನ ಬುಡಕ್ಕೆ ಒಂದು ಏಟು ಕೊಟ್ಟು, ಸ್ಲೈಡನ್ನು ಇಡೀ ಅಂಗೈಯಿಂದ ಹಿಡಿದು ಜಗ್ಗಿದೆ. ಕರಕ್ ಎಂದಿತು. ಒಂದು ಗುಂಡು ನೆಲಕ್ಕೆ ಉದುರಿತು. ಸ್ಲೈಡ್ ಮುಂದಕ್ಕೆ ಹಾರಿತು. ಹೊಡೆದೆ. ಮುಂದೆ ಇನ್ನೆರಡು ಸಲ ಸಿಕ್ಕಿಕೊಂಡಿತು, ಎರಡು ಸಲವೂ ಬಿಡಿಸಿದೆ. ಕೊನೆಯ ಗುಂಡು ಹಾರುವ ಹೊತ್ತಿಗೂ ನನ್ನ ಕೈ ನಡುಗುತ್ತಲೇ ಇತ್ತು, ಆದರೆ ಅದನ್ನು ಕೇಳುವವರು ಯಾರು? ಕಾಗದ ಇಳಿಸಿ ನೋಡಿದರೆ ಮೂವತ್ತಕ್ಕೆ ಇಪ್ಪತ್ತಾರು. ನಾನು ಅಲ್ಲೇ ಕುಣಿದೆ. ಮೇಲ್ವಿಚಾರಕ ಚಪ್ಪಾಳೆ ತಟ್ಟಿದ.

"ಬೆಳಿಗ್ಗೇನ ನೋಡಿದ್ದೆ ನಾ, ಕುಂಕುಮ ಕುಂತಿದ್ದು," ಎಂದರು ಆಂಟಿ ಸಹಿ ಮಾಡುತ್ತ. "ಕೊಳವೀ ಸ್ವಚ್ಛ ಇತ್ತು, ಅಪಾಯ ಇದ್ದಿಲ್ಲ. ಅದಕ್ಕ ಸುಮ್ಮನ ಬಿಟ್ಟೆ. ಮುಂದಿನ ವರ್ಷ ಎಣ್ಣಿ ಹಚ್ಚಿ ಒರಸು, ಅದ ಅದರ ಪೂಜಿ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನವೆಂಬರ್ ಒಂದಕ್ಕೆ ಕೆಲಸಕ್ಕೆ ಹೋದೆ, ಲೈಸೆನ್ಸ್ ಇನ್ನೂ ಬಾರದೆ, ಪಿಸ್ತೂಲಿಲ್ಲದೆಯೇ. ಅದು ಜನವರಿಯಲ್ಲಿ ಬಂತು.

ಫೆಬ್ರವರಿಯಲ್ಲಿ, ಹೊರಗೆ ಸೊನ್ನೆಗಿಂತ ಐದು ಡಿಗ್ರಿ ಫ್ಯಾರನ್‌ಹೀಟ್ ಕೆಳಗಿದ್ದ ಒಂದು ಮಧ್ಯಾಹ್ನ, ಬಾಗಿಲು ತೆರೆದುಕೊಂಡು ಒಬ್ಬ ಒಳಗೆ ಬಂದ. ಟೋಪಿ ಹುಬ್ಬಿನವರೆಗೆ, ಮಾಸ್ಕ್ ಕಣ್ಣಿನ ಕೆಳಗಿನವರೆಗೆ, ಬಲಗೈ ಜೇಬಿನಲ್ಲಿ. ನೇರ ಕೌಂಟರಿಗೆ ಬಂದು ನಿಂತ. ಅಂಗಡಿಯಲ್ಲಿ ನಾನೊಬ್ಬಳೇ. ಕುರ್ತಾದೊಳಗೆ ಪಿಸ್ತೂಲಿತ್ತು. ನಡುಗುವ ಎರಡೂ ಕೈಗಳನ್ನು ಕೌಂಟರಿನ ಮೇಲೆ ಊರಿ, ಅವನ ಕಣ್ಣು ನೋಡಿ, ಏನು ಬೇಕಿತ್ತು ಎಂದು ಕೇಳಿದೆ. ಅವನು ಜೇಬಿನಿಂದ ಮುದುಡಿದ ಔಷಧ ಚೀಟಿ ತೆಗೆದ. ಮಗುವಿಗೆ ಕಿವಿನೋವು, ನಿದ್ದೆಯಿಲ್ಲ, ಕಾರಿನಲ್ಲಿ ಅಳುತ್ತಿದೆ ಅಂದ. ಔಷಧದ ಪುಡಿಗೆ ನೀರು ಅಳೆದು ಹಾಕಿದೆ, ಒಂದು ಹನಿ ಹೊರಗೆ ಚೆಲ್ಲಲಿಲ್ಲ.

ಅವನು ಹೋದ ಮೇಲೆ ಆಂಟಿಗೆ ಫೋನ್ ಮಾಡಿದೆ. ಅವರು ಆಗ ಮಗಳ ಮನೆಗೆಂದು ಟ್ರಾಯ್‌ಗೆ ಹೋಗಿದ್ದರು, ಮೈಯಲ್ಲಿ ಹುಷಾರಿರಲಿಲ್ಲ. ಎಲ್ಲ ಹೇಳಿದೆ.

"ಗನ್ನಿಗೆ ಕೈ ಹೋತೇನು?"

"ಇಲ್ಲ ಆಂಟಿ."

"ಹಂಗಾರ ನೀ ಇವತ್ತ ಪಾಸಾದಿ ತಂಗಿ. ಅವತ್ತು ನಾ ಬರೇ ಸಹಿ ಹಾಕಿದ್ದೆ," ಅಂದರು.

ಮೇ ತಿಂಗಳಲ್ಲಿ ಅವರು ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ಬೆಳಗಾಗುತ್ತಲೇ ಮುನ್ನೂರು ಮೈಲಿ ಡ್ರೈವ್ ಮಾಡಿ ಹೋದೆ. ಆಂಟಿ ಕಲಿಸಿದ ಹೆಂಗಸರು ಎಷ್ಟೊಂದು ಜನ ಬಂದಿದ್ದರು, ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ಅಳುವೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಮಧ್ಯಾಹ್ನ ಹೊರಟು ನಿಂತಾಗ ಅವರ ಮಗಳು, ಇದ್ದು ನಾಳೆ ಹೋಗಬಹುದಲ್ಲ ಅಂದಳು. ಉಳಿಯಬಹುದಿತ್ತು, ಮಾಲೀಕರು ಇಲ್ಲ ಅನ್ನುತ್ತಿರಲಿಲ್ಲ. ಆದರೆ ಮರುದಿನ ಒಂಬತ್ತಕ್ಕೆ ಅಂಗಡಿ ತೆಗೆಯುವ ಸರದಿ ನನ್ನದು, ಹನ್ನೊಂದರವರೆಗೆ ಅಲ್ಲಿ ನಾನೊಬ್ಬಳೇ. ಕಳೆದ ವರ್ಷ ಹಾಗೆ ಒಬ್ಬಳೇ ನಿಲ್ಲಲು ಹೆದರಿ ಕೋಟು ಬಿಚ್ಚಿಡಲು ಹೊರಟಿದ್ದವಳು ನಾನು. ಸರದಿ ತಪ್ಪಿಸದೆ ಅಲ್ಲಿ ನಿಲ್ಲುವುದು ಬಿಟ್ಟರೆ ಆಂಟಿಗೆ ನಾನು ಕೊಡಬಹುದಾದದ್ದು ಇನ್ನೇನೂ ಉಳಿದಿರಲಿಲ್ಲ. ಮರುದಿನ ಒಂಬತ್ತಕ್ಕೆ ಇನ್ನೂ ಎರಡು ನಿಮಿಷ ಇರುವಾಗಲೇ ಅಂಗಡಿಯ ಬಾಗಿಲು ತೆಗೆದೆ.